ಹಣೆಯ ರೂಪಾಯಿ

ಹೆಂಡತಿ ಸತ್ತ ಹದಿನೆಂಟನೆಯ ದಿನ ಉಚ್ಚೆಂಗಪ್ಪ ನಾಣ್ಯದ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹರಿಹರದ ಬಸ್ಸು ಹತ್ತಿದ. ವಿನೋಬನಗರದ ಓಣಿಯವರು ನೋಡಿದರು, ಆಡಿಕೊಳ್ಳಬೇಕಾದ್ದನ್ನು ಆಡಿಕೊಂಡರು. ಹೆಂಡತಿಯ ಮಣ್ಣು ಇನ್ನೂ ಆರಿಲ್ಲ, ಈ ಮಹಾರಾಯ ಆಗಲೇ ರೊಕ್ಕದ ಚಾಳಿಗೆ ಹೊರಟ ಎಂದರು. ಓಣಿಯವರ ಬಾಯಿಗೆ ಬೀಗ ಹಾಕುವುದು ಯಾರಿಂದಲೂ ಆಗದ ಕೆಲಸ. ಅದೂ ಅಲ್ಲದೆ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹದಿನೆಂಟು ದಿನದಲ್ಲಿ ಅವನ ಕಣ್ಣಿಂದ ಒಂದು ಹನಿ ಬಿದ್ದಿರಲಿಲ್ಲ. ಗಿರಣಿಯ ಭೋಂಗಾ ಕೂಗಿದರೆ ಏಳುತ್ತಿದ್ದ, ನಾದಿನಿ ಬಡಿಸಿದರೆ ಉಣ್ಣುತ್ತಿದ್ದ, ಯಾರಾದರೂ ಮಾತಾಡಿಸಿದರೆ ಹ್ಞೂಂ ಅನ್ನುತ್ತಿದ್ದ. ಮೈಯೊಳಗೆ ಯಾರೋ ಹತ್ತಿ ತುರುಕಿ ಹೊಲಿದಂತೆ ಇತ್ತು.

ಉಚ್ಚೆಂಗಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಹಾಜರಿ ಗುಮಾಸ್ತ. ಐವತ್ತೆರಡು ವಯಸ್ಸು, ಮಕ್ಕಳಿಲ್ಲ. ಅವನ ಜೊತೆಯವರು ಸಂಬಳದ ದಿನ ಇಸ್ಪೀಟಿಗೆ ಕೂತರೆ, ನಾಟಕ ಕಂಪನಿಯ ಮುಂದಿನ ಸಾಲಿಗೆ ಟಿಕೀಟು ಮಾಡಿಸಿದರೆ, ಇವನು ನಾಣ್ಯ ಕೂಡಿಸುತ್ತಿದ್ದ. ಅದಕ್ಕೆ ತಾನೇ ಮಾಡಿಕೊಂಡ ಕಟ್ಟಳೆಗಳೂ ಇದ್ದವು. ದೀಪಾವಳಿಯ ಬೋನಸ್ಸಿನಲ್ಲಿ ಅರವತ್ತು ರೂಪಾಯಿ ಮಾತ್ರ, ಮೇಲೆ ಒಂದು ಬಿಡಿಗಾಸೂ ಇಲ್ಲ. ವರ್ಷಕ್ಕೆ ಒಂದೇ ಸಲ. ಬಿಡಿ ನಾಣ್ಯ ಮುಟ್ಟುವಂತಿಲ್ಲ. ಕೊಂಡರೆ ಡಬ್ಬಿಯ ಸಮೇತ ಪೂರ್ತಿ ಸೆಟ್ಟು ಕೊಳ್ಳಬೇಕು. ಬಡವನ ಕೈಗೆ ಶೋಕಿ ಹತ್ತಿದರೆ ಅದಕ್ಕೂ ಶಿಸ್ತು ಬರುತ್ತದೆ, ಪಾಪ.

ಅವನ ಸೆಟ್ಟುಗಳಲ್ಲೆಲ್ಲ ದೊಡ್ಡದು ಐದನೇ ಜಾರ್ಜನದು. ರೂಪಾಯಿ, ಅರ್ಧ, ನಾಲ್ಕಾಣೆಯ ಪಾವಲಿ, ಎರಡಾಣೆ: ನಾಲ್ಕು ಬೆಳ್ಳಿಯ ನಾಣ್ಯ, ನಾಲ್ಕೂ ಪ್ರೂಫ್. ಪ್ರೂಫ್ ಅಂದರೆ ಸಂತೆಗೆ ಹೋಗಲು ಹುಟ್ಟಿದ ನಾಣ್ಯವಲ್ಲ. ಟಂಕಸಾಲೆಯವರು ಅಚ್ಚನ್ನೇ ಉಜ್ಜಿ ಹೊಳಪು ಕೊಟ್ಟು, ಒಂದೊಂದನ್ನೂ ಎರಡೆರಡು ಸಲ ಒತ್ತಿ, ಬರಿಗೈ ತಾಗಿಸದೆ ಮಖಮಲ್ಲಿನ ಕುಳಿಯಲ್ಲಿ ಕೂರಿಸಿ ಕಳಿಸಿದ್ದು. ಅದರಲ್ಲಿ ರಾಜನ ತಲೆಯ ಸುತ್ತ ಇರುವ ಬಯಲಿನಲ್ಲಿ ಮುಖ ನೋಡಿಕೊಂಡು ಕ್ರಾಪು ತೆಗೆಯಬಹುದು. ಬೆರಳು ತಾಗಿದರೆ ಮುಗಿಯಿತು, ಬೆವರಿನ ಕಲೆ ಕೂತುಬಿಡುತ್ತದೆ. ಈ ಸೆಟ್ಟಿಗಾಗಿ ಉಚ್ಚೆಂಗಪ್ಪ ಮೂರು ದೀಪಾವಳಿ ಏನನ್ನೂ ಕೊಳ್ಳದೆ ಹಲ್ಲು ಕಚ್ಚಿ ಕೂತಿದ್ದ.

ಹೆಂಡತಿ ಚೌಡವ್ವ ಓದು ಬಾರದವಳು. ಆದರೂ ಆಯ್ಕೆ ಮಾಡುತ್ತಿದ್ದದ್ದು ಅವಳೇ. ಪ್ರತಿ ವರ್ಷ ಇವನು ಎರಡು ಮೂರು ಸೆಟ್ಟುಗಳ ನಡುವೆ ಸಿಕ್ಕಿಕೊಂಡು, ಇದರ ಬೆಳ್ಳಿ ಹೆಚ್ಚು, ಅದರ ಡಬ್ಬಿ ಚೆಂದ, ಮತ್ತೊಂದು ಮುಂದೆ ಸಿಗುವುದಿಲ್ಲ ಎಂದು ಎಂಟು ದಿನ ತಲೆ ತಿನ್ನುತ್ತಿದ್ದ. ಅವಳು ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡು ಕಡೆಗೆ, "ಇದ್ರಾಗ ಯಾವ್ದು ಕೈತಪ್ಪಿದ್ರೆ ನಿಮಿಗೆ ನಿದ್ದಿ ಬರಲ್ಲ, ಅದನ್ನ ತಗಳ್ರಿ. ಉಳಿದಿದ್ದನ್ನ ನನ್ ಮುಂದೆ ಹೇಳ್ಬ್ಯಾಡ್ರಿ," ಅನ್ನುತ್ತಿದ್ದಳು. ಅಲ್ಲಿಗೆ ಆ ವರ್ಷದ ತಕರಾರು ಮುಗಿಯುತ್ತಿತ್ತು. ಅವಳು ಒಂದು ನಾಣ್ಯವನ್ನೂ ಯಾವತ್ತೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಇವನು ಡಬ್ಬಿಯ ಮುಚ್ಚಳ ತೆಗೆದು ತೋರಿಸುತ್ತಿದ್ದ, ಅವಳು ಸೆರಗು ಹಿಂದಕ್ಕೆ ಎಳೆದುಕೊಂಡು ದೂರದಿಂದ ನೋಡುತ್ತಿದ್ದಳು.

ನವರಾತ್ರಿಯ ಹೊಸ್ತಿಲಲ್ಲಿ ಅವಳಿಗೆ ಜ್ವರ ಬಂತು. ನಾಲ್ಕೇ ದಿನ. ಐದನೆಯ ದಿನ ಬೆಳಿಗ್ಗೆ ಹೋಗಿಬಿಟ್ಟಳು.

ಆ ಬೆಳಿಗ್ಗೆ ನಡೆದದ್ದು ಇಷ್ಟು. ಹೆಂಗಸರು ಸೇರಿ ಚೌಡವ್ವನಿಗೆ ನೀರು ಹಾಕಿ, ಅರಿಸಿನ ಹಚ್ಚಿ, ಹಸಿರು ಸೀರೆ ಉಡಿಸಿ ಗೋಡೆಗೆ ಒರಗಿಸಿ ಕೂರಿಸಿದರು. ಗಂಡ ಇರುವಾಗಲೇ ಹೋದ ಮುತ್ತೈದೆ, ಅಲಂಕಾರದಲ್ಲಿ ಕೊರತೆ ಆಗಬಾರದು. ಹಣೆಗೆ ಅಂಟಿಸಲು ಒಂದು ನಾಣ್ಯ ಬೇಕಾಯಿತು. ಯಾರೋ ಒಂದು ನಿಕ್ಕಲ್ಲಿನ ನಾಲ್ಕಾಣೆ ಕೊಟ್ಟರು. ಚೌಡವ್ವನ ತಂಗಿ ದುರುಗವ್ವ ಅದನ್ನು ಪಕ್ಕಕ್ಕೆ ಸರಿಸಿದಳು.

"ನಿಕ್ಕಲ್ ಹಚ್ಚಿ ಕಳ್ಸಾಕೆ ನಮ್ಮಕ್ಕ ಏನು ದಿಕ್ಕಿಲ್ದೋಳಾ? ಭಾವ ಬೆಳ್ಳಿ ರೂಪಾಯಿ ಇಟ್ಟಾನೆ," ಎಂದು ಟ್ರಂಕು ತೆಗೆದಳು. ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ, ಎಲ್ಲಕ್ಕಿಂತ ಫಳಫಳ ಹೊಳೆಯುತ್ತಿದ್ದ ಜಾರ್ಜನ ರೂಪಾಯಿಯನ್ನು ಆರಿಸಿದಳು. ಅಕ್ಕನಿಗೆ ಒಳ್ಳೆಯದೇ ಇರಲಿ ಎಂಬ ಪ್ರೀತಿ, ಅಷ್ಟೇ. ರಾಜನ ಮುಖದ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಹಿಂದೆ ಬೆಲ್ಲದ ಪಾಕ ಸವರಿ, ಅಕ್ಕನ ಹಣೆಗೆ ಅಂಟಿಸಿದಳು. ಮೇಲೆ ಕುಂಕುಮ ಇಟ್ಟಳು.

ಉಚ್ಚೆಂಗಪ್ಪ ಬಾಗಿಲ ಹತ್ತಿರ ಕೂತು ಎಲ್ಲವನ್ನೂ ನೋಡಿದ. ಆಗ ಅವನ ಮನಸ್ಸಿನಲ್ಲಿ ಬಂದ ಮಾತು ಒಂದೇ: ಬೆರಳು ತಾಗಿತು, ಸೆಟ್ಟು ಹೋಯಿತು.

ಬೇರೆ ಏನೂ ಬರಲಿಲ್ಲ. ಎದುರಿಗೆ ಇಪ್ಪತ್ತೊಂಬತ್ತು ವರ್ಷ ಬಾಳಿದ ಹೆಂಡತಿ ಹೆಣವಾಗಿ ಕೂತಿದ್ದಾಳೆ, ಮನಸ್ಸು ಒಂದು ರೂಪಾಯಿಗೆ ಅಳುತ್ತಿದೆ. ಇದು ಅವನಿಗೇ ಗೊತ್ತಾಯಿತು. ಗೊತ್ತಾದ ಗಳಿಗೆಯಿಂದ ಒಳಗೆ ಎಲ್ಲವೂ ಸ್ತಬ್ಧವಾಯಿತು. ತಾನು ಎಂಥ ಮನುಷ್ಯ ಎಂಬ ಅಂಜಿಕೆ ಮಾತ್ರ ಉಳಿಯಿತು. ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಹೇಳಿಕೊಳ್ಳುವಂಥವಳು ಮಣ್ಣಿಗೆ ಹೋಗಿದ್ದಳು.

ಹರಿಹರದಲ್ಲಿ ಬಸ್ಸಿಳಿದು, ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಅಖ್ತರ್ ಬಾನುವಿನ ಮನೆಗೆ ಹೋದ. ಅವಳ ಗಂಡ ಗಡಿಯಾರ ರಿಪೇರಿ ಮಾಡುತ್ತ, ಹಳೆ ನಾಣ್ಯದ ವ್ಯಾಪಾರವನ್ನೂ ಇಟ್ಟುಕೊಂಡಿದ್ದವನು. ಅವನು ತೀರಿಕೊಂಡ ಮೇಲೆ ಗಡಿಯಾರದ ಕೆಲಸ ನಿಂತಿತು, ನಾಣ್ಯದ ವ್ಯಾಪಾರವನ್ನು ಅವಳು ಕೈಬಿಡಲಿಲ್ಲ. ಅರವತ್ತು ದಾಟಿದ ಹೆಂಗಸು. ಬೊಂಬಾಯಿಯ ಸೇಠುಗಳ ಜೊತೆ ಕಾಗದದಲ್ಲೇ ಚೌಕಾಶಿ ಮಾಡುವ ಗಟ್ಟಿಗಿತ್ತಿ.

"ಬರ್ರಿ ಅಣ್ಣಾರ, ಕೂಡ್ರಿ. ಸುದ್ದಿ ಕೇಳಿದೆ," ಎಂದಳು. ಚಹಾ ತಂದಿಟ್ಟಳು.

ಉಚ್ಚೆಂಗಪ್ಪ ಡಬ್ಬಿ ಬಿಚ್ಚಿದ. ಮೂರು ಕುಳಿಯಲ್ಲಿ ಅರ್ಧ, ಪಾವಲಿ, ಎರಡಾಣೆ ಹೊಳೆಯುತ್ತಿದ್ದವು. ದೊಡ್ಡ ಕುಳಿ ಖಾಲಿ.

"ಯಾ ಅಲ್ಲಾ. ರೂಪಾಯಿ ಎಲ್ಲಿ?"

ಅವನು ಹೇಳಿದ. ಸೊಪ್ಪಿನ ರೇಟು ಹೇಳುವ ಹಾಗೆ, ದನಿ ಏರಿಸದೆ ಇಳಿಸದೆ ಹೇಳಿ ಮುಗಿಸಿದ. ಅವಳು ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡು ವ್ಯಾಪಾರದ ಮಾತಿಗೆ ಬಂದಳು. ಅದು ಅವನಿಗೆ ಹಿತವಾಯಿತು. ಸಮಾಧಾನದ ಮಾತು ಕೇಳಿ ಕೇಳಿ ಕಿವಿ ಜಡವಾಗಿದ್ದವು.

"ನಿಮ್ಮತ್ರ ಎಷ್ಟೈತೆ? ಅದೇ ಅರವತ್ತಾ?"

"ಅರವತ್ತೇ. ಬೋನಸ್ ಈ ಸಲ ಮುಂಚೆ ಕೊಟ್ರು."

"ಹಂಗಾರೆ ಕೇಳ್ರಿ. ಗಾಂಧಿ ಮಾತ್ಮ ಹುಟ್ಟಿ ನೂರು ವರ್ಷ ಆತು ಅಂತ ಹತ್ತು ರೂಪಾಯಿ ಬೆಳ್ಳಿ ನಾಣ್ಯ ಈ ತಿಂಗ್ಳು ಬಂದೈತಲ್ಲ, ಅದ್ರದ್ದು ಪ್ರೂಫ್ ಸೆಟ್ಟಿಗೆ ಬೊಂಬಾಯಿ ಸೇಠ್ ಹೆಸ್ರು ಬರ್ಕಂತಾ ಇದಾನೆ. ಐವತ್ತೈದಕ್ಕೆ ನಿಮಿಗೆ ಒಂದು ಹಿಡಿದು ಇಡ್ತೀನಿ. ಹೊಸ ಮಾಲು, ಮುಂದೆ ರೇಟು ಏರ್ತೈತೆ. ಬ್ಯಾಡ ಅಂದ್ರೆ ಇನ್ನೊಂದು ಐತೆ ನೋಡ್ರಿ, ಎಡ್ವರ್ಡ್ ರಾಜಂದು. ನಾಲ್ಕೂ ಬೆಳ್ಳಿ. ಪ್ರೂಫ್ ಅಲ್ಲ, ಆದ್ರೆ ಒಂದು ಗೀರಿಲ್ಲ. ಈ ಮೂರನ್ನ ಡಬ್ಬಿ ಸಮೇತ ನನಿಗೆ ಕೊಟ್ಟು ಮೇಲೆ ಅರವತ್ತು ಇಡ್ರಿ, ಅದು ನಿಮ್ದು."

"ಇದನ್ನ ಕೊಟ್ಟೇ ಬಿಡಬೇಕಾ?"

"ಇಟ್ಕಂಡು ಏನ್ ಮಾಡ್ತೀರಿ? ಹಲ್ಲುದುರಿದ ಬಾಯಿ ಆಗೈತೆ ಇದು. ಇಲ್ಲಾಂದ್ರೆ ಸಾದಾ ಜಾರ್ಜ್ ರೂಪಾಯಿ ಒಂದು ಎಂಟು ರೂಪಾಯಿಗೆ ಕೊಡ್ತೀನಿ, ಕುಳಿ ತುಂಬ್ಸಿ ಮುಚ್ಚಿಡ್ರಿ. ದೂರದಿಂದ ನೋಡಿದೋರಿಗೆ ಗೊತ್ತಾಗಲ್ಲ. ನಿಮಿಗೆ ಗೊತ್ತಾಗ್ತೈತೆ."

ಮೂರೂ ದಾರಿ ಎದುರಿಗಿದ್ದವು. ಬೇರೆ ವರ್ಷವಾಗಿದ್ದರೆ ಎಂಟು ದಿನ ಸಾಲುತ್ತಿರಲಿಲ್ಲ. ಗಾಂಧಿ ಸೆಟ್ಟಿನಲ್ಲಿ ಬೆಳ್ಳಿ ಒಂದೇ ನಾಣ್ಯ, ಉಳಿದವು ನಿಕ್ಕಲ್ಲು ಹಿತ್ತಾಳೆ. ಎಡ್ವರ್ಡನದು ಪೂರ್ತಿ ಬೆಳ್ಳಿ, ಆದರೆ ಪ್ರೂಫ್ ಅಲ್ಲ. ಹೀಗೆ ಲೆಕ್ಕ ಹಾಕಲು ಶುರು ಮಾಡಿದ. ಅರ್ಧಕ್ಕೇ ನಿಂತಿತು. ಯಾವುದು ಕೈತಪ್ಪಿದರೂ ನಿದ್ದೆ ಬರುತ್ತಿತ್ತು. ಈಗ ಅವನಿಗೆ ದಿನಾ ಕಲ್ಲಿನಂಥ ನಿದ್ದೆ.

"ಅಕ್ಕಾರೆ, ನೀವೇ ಹೇಳ್ರಿ ಯಾವ್ದು ಅಂತ."

"ನಾನು ಮಾರೋಳು, ನಾ ಹೆಂಗೆ ಹೇಳ್ಲಿ?" ಅಖ್ತರ್ ಬಾನು ಚಹಾವನ್ನು ಅವನ ಕಡೆ ಸರಿಸಿದಳು. "ನಮ್ಮನೆಯೋರು ಹೋದಾಗ ನಾನೂ ಹಿಂಗೇ ಇದ್ದೆ ಅಣ್ಣಾರ. ಒಂದು ತಿಂಗ್ಳು ಎಲ್ಲ ಗಡಿಯಾರಕ್ಕೂ ಕೀಲಿ ಕೊಡೋದು, ಕೂಡೋದು. ಅಷ್ಟೇ ಕೆಲ್ಸ." ಮತ್ತೆ ಕೇಳಿದಳು: "ಆ ರೂಪಾಯಿ ಈಗ ಎಲ್ಲೈತೆ?"

ಉಚ್ಚೆಂಗಪ್ಪನಿಗೆ ಉತ್ತರ ಗೊತ್ತಿತ್ತು. ಮಣ್ಣು ಎಳೆಯುವ ಮುಂಚೆ ಹಣೆಯ ನಾಣ್ಯ ಕುಣಿ ತೋಡಿದವನಿಗೆ ಸೇರುತ್ತದೆ. ಅದು ಅವನ ಹಕ್ಕು, ಯಾರೂ ಕೇಳುವಂತಿಲ್ಲ. ಆದರೆ ಆ ರೂಪಾಯಿ ಒಂದು ಕಡೆ ಇರಬಹುದು, ಯಾರದೋ ಕೈಯಲ್ಲಿ ಇರಬಹುದು ಎಂಬುದು ಈ ಹದಿನೆಂಟು ದಿನ ಅವನ ತಲೆಗೇ ಬಂದಿರಲಿಲ್ಲ.

"ಕುಣಿ ತೋಡೋ ಭರಮಣ್ಣನ ಹತ್ರ ಇರಬೇಕು," ಎಂದ.

"ಸಿಕ್ಕಿದ್ರೂ ಸೆಟ್ಟಿಗೆ ಉಪಯೋಗ ಇಲ್ಲ, ಮೊದ್ಲೇ ಹೇಳಿರ್ತೀನಿ. ಕೈ ತಾಗಿದ ಪ್ರೂಫು ಪ್ರೂಫಲ್ಲ. ಬೆಳ್ಳಿ ತೂಕ ಅಷ್ಟೇ ಅದ್ರ ರೇಟು. ಸೇಠಿಗೆ ನಾನು ದೀಪಾವಳಿ ಒಳಗೆ ಕಾಗ್ದ ಹಾಕ್ಬೇಕು, ನೀವು ಅಷ್ಟ್ರಾಗೆ ಹೇಳಿ ಕಳಿಸ್ರಿ."

ಬಸ್ಸು ತುಂಗಭದ್ರೆಯ ಸೇತುವೆ ಕಡೆಗೆ ಹೋಗುವ ಗಾಡಿಗಳನ್ನು ದಾಟಿ ದಾವಣಗೆರೆಯ ದಾರಿ ಹಿಡಿಯಿತು. ಉಚ್ಚೆಂಗಪ್ಪ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ. ಏನು ಕಂಡ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಇಳಿದವನ ಕಾಲು ಮನೆಯ ಕಡೆ ತಿರುಗಬೇಕಿತ್ತು, ಶಾಮನೂರಿನ ದಾರಿಯ ಕಡೆ ತಿರುಗಿತು. ನೋಡಿಕೊಂಡು ಬರುತ್ತೇನೆ, ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಳ್ಳುವವರೆಲ್ಲ ಬರಿ ನೋಡಲು ಹೋಗುವುದಿಲ್ಲ.

ಭರಮಣ್ಣನ ಗುಡಿಸಲು ಮಣ್ಣು ಮಾಡುವ ಜಾಗದ ಬೇಲಿಗೆ ಹೊಂದಿಕೊಂಡೇ ಇತ್ತು. ಅವನು ಆಗ ತಾನೇ ಹೊರಗೆ ಹೊರಟಿದ್ದ. ಒಗೆದ ಪಂಚೆ, ತಲೆಗೆ ರುಮಾಲು. ಹೆಂಡತಿ ಅಂಜಿನವ್ವ ಬಾಗಿಲಲ್ಲಿ ನಿಂತು ಏನೋ ಹೇಳಿ ಕಳಿಸುತ್ತಿದ್ದಳು.

"ಗುಮಾಸ್ತರು," ಎಂದು ಭರಮಣ್ಣ ನಿಂತ. "ಯಾಕ ಬಂದ್ರಿ? ಕುಣಿ ಮ್ಯಾಲಿನ ಕಲ್ಲು ಏನಾರ ಸರಿದೈತಾ?"

"ಇಲ್ಲ. ಹಣೆ ರೂಪಾಯಿ ಒಂದು ಇತ್ತಲ್ಲ ಭರಮಣ್ಣ. ಅದು ಐತಾ?"

ಭರಮಣ್ಣ ಹೆಂಡತಿಯ ಮುಖ ನೋಡಿದ. ಆಮೇಲೆ ಸೊಂಟದಿಂದ ಒಂದು ಬಟ್ಟೆಯ ಗಂಟು ಬಿಚ್ಚಿದ. "ಒಂದು ಗಳಿಗೆ ತಡ ಮಾಡಿದ್ರೆ ಇರ್ತಿರ್ಲಿಲ್ಲ ನೋಡ್ರಿ. ಮಂಡಿಪೇಟೆ ಅಕ್ಕಸಾಲಿ ಹತ್ರ ಹೊಂಟಿದ್ದೆ. ದೀಪಾವಳಿ ಆದ್ಮ್ಯಾಲೆ ಮಗಳ ಮದ್ವಿ. ಎಲ್ಲ ಕರಗ್ಸಿ ಕಾಲ್ಗಡಗ ಮಾಡ್ಸಾನ ಅಂತ."

ಕಟ್ಟೆಯ ಮೇಲೆ ಗಂಟು ಹರಡಿದ. ಹನ್ನೊಂದು ಬೆಳ್ಳಿ ರೂಪಾಯಿಗಳಿದ್ದವು. ಈಗೆಲ್ಲ ಜನ ಹತ್ತು ಪೈಸೆ ಹಚ್ಚಿ ಕಳಿಸುತ್ತಾರೆ, ಬೆಳ್ಳಿ ಬರುವುದು ವರ್ಷಕ್ಕೊಂದು ಇದ್ದರೆ ಹೆಚ್ಚು. ಭರಮಣ್ಣ ಅವುಗಳನ್ನು ಸಾಲಾಗಿ ಇಡುತ್ತ ಹೋದ. ಉಚ್ಚೆಂಗಪ್ಪ ನಾಣ್ಯವನ್ನು ಇಸವಿಯಿಂದ, ಟಂಕಸಾಲೆಯ ಗುರುತಿನಿಂದ ಹೇಳುವವನು. ಭರಮಣ್ಣನಿಗೆ ಅಕ್ಷರ ಬರುತ್ತಿರಲಿಲ್ಲ.

"ಇದು ಎಣ್ಣಿ ಮಿಲ್ಲಿನ ರೇವಣ್ಣಾರದು. ಇದು ಶ್ಯಾನುಭೋಗರ ತಾಯಿದು. ಇದು ಆ ಬಾಣಂತಿ ಕೆಂಚವ್ವಂದು, ಪಾಪ, ಸಣ್ಣ ವಯಸ್ಸು. ಇದು ನಿಮ್ಮನೆ ಚೌಡವ್ವಾರದು."

ಆ ಹೆಸರನ್ನು ಯಾರೂ ಈಚೆಗೆ ಹೇಳಿರಲಿಲ್ಲ. ಮಾತಾಡಿಸಲು ಬಂದವರೆಲ್ಲ ನಿಮ್ಮ ಮನೆಯವರು ಅನ್ನುತ್ತಿದ್ದರು, ದುರುಗವ್ವ ಅಕ್ಕ ಅನ್ನುತ್ತಿದ್ದಳು. ಉಚ್ಚೆಂಗಪ್ಪ ಬಗ್ಗಿ ನೋಡಿದ. ಜಾರ್ಜನ ಮುಖದ ಮೇಲೆ ಹೆಬ್ಬೆರಳಿನ ಕಲೆ ಕಪ್ಪಾಗಿ ಕೂತಿತ್ತು. ಕಿರೀಟದ ಸಂದಿಗಳಲ್ಲಿ, ಗಡ್ಡದ ಗೆರೆಗಳಲ್ಲಿ ಕುಂಕುಮ ಒಣಗಿ ಗಟ್ಟಿಯಾಗಿತ್ತು. ಮೂರು ವರ್ಷದ ದೀಪಾವಳಿ ಅದು. ಅಖ್ತರ್ ಬಾನು ಹೇಳಿದ್ದು ಸರಿ, ಸೆಟ್ಟಿಗೆ ಇನ್ನು ಇದರಿಂದ ಉಪಯೋಗ ಇರಲಿಲ್ಲ.

"ಇದು ನನಿಗೆ ಬೇಕು," ಎಂದ. ಜೇಬಿನಿಂದ ನೋಟು ತೆಗೆದ. "ಎಷ್ಟು ಕೊಡ್ಲಿ? ಅರವತ್ತೈತೆ."

ಭರಮಣ್ಣ ಹಿಂದಕ್ಕೆ ಸರಿದ. "ನೋಟು ಬ್ಯಾಡ. ಹಣೆ ರೂಪಾಯಿನ ನಾವು ಮಾರಂಗಿಲ್ಲ ಗುಮಾಸ್ತರೆ. ನಮ್ಮಪ್ಪನ ಕಾಲದಿಂದ ಮಾರಿಲ್ಲ. ಮಾರಿದ್ರೆ ಹೆಣ ಮಾರಿದಂಗೆ."

"ಕರಗ್ಸಾಕೆ ಕೊಡ್ತಿಯಲ್ಲ."

"ಕರಗ್ಸಿ ಮೈಮ್ಯಾಲೆ ಹಾಕ್ಕಂಬಹುದು. ಬೆಳ್ಳಿ ಬದ್ಲು ಬೆಳ್ಳಿ ಕೊಟ್ರೆ ತಗಂಬಹುದು. ನೋಟಿಗೆ ಕೊಡಂಗಿಲ್ಲ."

ಅಂಜಿನವ್ವ ಬಾಗಿಲಿಂದಲೇ ಅಂದಳು: "ತೂಕಕ್ಕೆ ತೂಕ ಬೆಳ್ಳಿ ತರ್ರಿ ಸ್ವಾಮಿ. ಮಗಳ ಕಡಗ ಕಮ್ಮಿ ಬೀಳ್ಬಾರ್ದು, ಅಷ್ಟೇ ನಮಿಗೆ."

ಮಂಡಿಪೇಟೆ ಎಷ್ಟು ದೂರ? ಭರಮಣ್ಣನ ಜೊತೆಗೇ ನಡೆದು ಹೋಗಿ, ಅದೇ ಅಕ್ಕಸಾಲಿಯ ಹತ್ತಿರ ಏಳೆಂಟು ರೂಪಾಯಿ ಕೊಟ್ಟು ರೂಪಾಯಿಯಷ್ಟೇ ತೂಗುವ ಒಂದು ತೊಲ ಬೆಳ್ಳಿ ಕೊಂಡು ಅವನ ಕೈಗೆ ಹಾಕಿದ್ದರೆ ಆಗುತ್ತಿತ್ತು. ಐವತ್ತು ಉಳಿಯುತ್ತಿತ್ತು. ಇದು ಹಾಜರಿ ಗುಮಾಸ್ತನಿಗೆ ಹೊಳೆಯಲಿಲ್ಲ ಎಂದು ತಿಳಿಯಬೇಡಿ. ಮೊದಲು ಹೊಳೆದದ್ದೇ ಅದು. ಅವನು ಅಲ್ಲಾಡಲಿಲ್ಲ. ಟವೆಲು ಬಿಚ್ಚಿ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದ.

ಆ ಮೂರು ನಾಣ್ಯಗಳನ್ನು ನೋಡಿ ಅವನಿಗೆ ನಾಚಿಕೆಯಾಯಿತು. ಅವಳನ್ನು ಗೋಡೆಗೆ ಒರಗಿಸಿದ ಬೆಳಿಗ್ಗೆ ಅವನು ನೆನೆದದ್ದು ಇವನ್ನು. ಈ ಹದಿನೆಂಟು ದಿನವೂ ಒಂದು ಕಲೆ ಬೀಳದಂತೆ ಕಾದದ್ದು ಇವನ್ನೇ. ಇವಕ್ಕೆ ಏನೂ ಆಗಿರಲಿಲ್ಲ. ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದವು. ಅವನಿಗೆ ಇನ್ನು ಇವು ಬೇಡವಾದವು.

ಬರಿಗೈಯಲ್ಲಿ ಅರ್ಧ ರೂಪಾಯಿ ಎತ್ತಿದ. ಬೆರಳು ತಾಗಿದಲ್ಲಿ ಹೊಳಪು ಮಂಕಾಯಿತು. ಅದನ್ನು ಭರಮಣ್ಣನ ಅಂಗೈಗೆ ಹಾಕಿದ, ಪಾವಲಿ ಹಾಕಿದ, ಎರಡಾಣೆ ಹಾಕಿದ.

ಆ ಕಾಲದವರಿಗೆ ತಕ್ಕಡಿ ಬೇಕಿರಲಿಲ್ಲ. ಭರಮಣ್ಣ ಕೈ ಮೇಲೆ ಕೆಳಗೆ ಆಡಿಸಿ, "ಹದಿನಾಲ್ಕಾಣೆ ಆತು. ರೂಪಾಯಿಗೆ ಎರಡಾಣೆ ತೂಕ ಕಮ್ಮಿ," ಎಂದ.

ಉಚ್ಚೆಂಗಪ್ಪ ಖಾಲಿ ಡಬ್ಬಿಯನ್ನು ನೋಡಿದ. ಕೊಡಲು ಆಗ ಕೈಯಲ್ಲಿ ಬೆಳ್ಳಿ ಇನ್ನೇನೂ ಇರಲಿಲ್ಲ. "ನಾಳೆ ತಂದು ಕೊಡ್ತೀನಿ. ಅಲ್ಲಿತನಕ ಕರಗಿಸ್ಬ್ಯಾಡ."

ಭರಮಣ್ಣ ಆ ಮೂರನ್ನೂ ಹೆಂಡತಿಯ ಕಡೆ ಚಾಚಿ ತೋರಿಸಿದ. ಅಂಜಿನವ್ವನೇ ಅಂದಳು:

"ಕೊಡು ಅತ್ಲಾಗೆ. ಆ ಅಮ್ಮಾರು ಮಾರ್ನಮಿಗೆ ಮಾರ್ನಮಿಗೆ ನಮ್ಮ ಹುಡುಗಿಗೆ ಕುಬುಸದ ಬಟ್ಟಿ ಕೊಡೋರು. ಈ ವರ್ಷದ್ದು ಕೊಡಾಕೆ ಅವರಿಗೆ ಆಗ್ಲಿಲ್ಲ. ಆ ಎರಡಾಣೆ ನಾವೇ ಬಿಟ್ವಿ ಅಂದ್ಕಳ್ರಿ."

ಕುಬುಸದ ಬಟ್ಟೆಯ ಸಂಗತಿ ಉಚ್ಚೆಂಗಪ್ಪನಿಗೆ ಗೊತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಗೊತ್ತಿರದ ಇನ್ನೆಷ್ಟು ಸಂಗತಿಗಳಿದ್ದವೋ. ಕೇಳಲು ಈಗ ಯಾರೂ ಇರಲಿಲ್ಲ.

ಭರಮಣ್ಣ ರೂಪಾಯಿಯನ್ನು ಎತ್ತಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟ. "ತೊಳೀಬ್ಯಾಡ್ರಿ," ಎಂದ.

ಉಚ್ಚೆಂಗಪ್ಪ ಅದನ್ನು ಮುಷ್ಟಿಯಲ್ಲಿ ಹಿಡಿದು ದಾರಿಗೆ ಬಂದ. ಹತ್ತಿಯ ಮೂಟೆ ಹೇರಿದ ಗಾಡಿಗಳು ಗಿರಣಿಯ ಕಡೆಗೆ ಸಾಲಾಗಿ ಹೋಗುತ್ತಿದ್ದವು. ನಾಲ್ಕು ಹೆಜ್ಜೆ ನಡೆದವನು ನಿಂತ. ಜ್ವರದ ನಾಲ್ಕು ದಿನವೂ ಚೌಡವ್ವನ ಹಣೆ ಮುಟ್ಟಿ ನೋಡಿದ್ದವಳು ದುರುಗವ್ವ. ಔಷಧಿ ತಂದು ಕೊಡುವುದು ತನ್ನ ಕೆಲಸ ಎಂದು ಇವನು ತಂದು ಕೊಟ್ಟಿದ್ದ. ಮಣ್ಣಿಗೆ ಇಳಿಸುವಾಗಲೂ ಕೈ ಮುಂದೆ ಬಂದಿರಲಿಲ್ಲ. ಸತ್ತವಳ ಹಣೆ ಎಷ್ಟು ತಣ್ಣಗಿತ್ತೋ ಅವನಿಗೆ ಗೊತ್ತೇ ಇರಲಿಲ್ಲ.

ಅವನು ರೂಪಾಯಿಯನ್ನು ತನ್ನ ಹಣೆಗೆ ಒತ್ತಿಕೊಂಡ. ತಣ್ಣಗಿರುತ್ತದೆ ಅಂದುಕೊಂಡಿದ್ದ. ಭರಮಣ್ಣನ ಸೊಂಟದ ಗಂಟಿನಲ್ಲಿದ್ದು, ಆಮೇಲೆ ತನ್ನ ಮುಷ್ಟಿಯಲ್ಲಿದ್ದು, ಅದು ಬೆಚ್ಚಗೆ, ಜೀವ ಇದ್ದವರ ಮೈಯಷ್ಟೇ ಬೆಚ್ಚಗೆ ಇತ್ತು.

ಆಗ ಅವನಿಗೆ ಅಳು ಬಂತು. ಹಗಲು ಹೊತ್ತಿನಲ್ಲಿ, ನಡುದಾರಿಯಲ್ಲಿ, ಹಣೆಗೆ ರೂಪಾಯಿ ಹಿಡಿದುಕೊಂಡೇ ಅತ್ತ. ಹಿಂದಿನ ಗಾಡಿಯವನು ದಾರಿ ಬಿಡ್ರಿ ಯಜಮಾನ್ರೆ ಎಂದು ಎರಡು ಸಲ ಕೂಗಿದ. ಉಚ್ಚೆಂಗಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟ, ಅಳುವುದನ್ನು ಬಿಡಲಿಲ್ಲ.